ನೀರು ತಿಳಿಯಾಗಿದ್ದರೆ ಸಾಕೇ?

ಕಳೆದ ಬೇಸಿಗೆಯಲ್ಲಿ ಸಿಂಧನೂರಿನ ನಮ್ಮ ಮನೆಯಲ್ಲಿ ತಮ್ಮನಿಗೆ ವಾಂತಿಭೇದಿಯಾಯಿತು. "ಸಂಪಿನ ನೀರು ಕನ್ನಡಿಯ ಹಾಗಿದೆಯಲ್ಲ!" ಎಂದರು ಅಮ್ಮ. ನಾನು ಕ್ಲೋರಿನ್ ಪರೀಕ್ಷೆಯ ಕಿಟ್ ತಂದೆ. ಗಾಜಿನ ನಳಿಕೆಗೆ ಗುರುತಿನವರೆಗೆ ನೀರು ತುಂಬಿ, ಆರ್ಥೊಟಾಲಿಡಿನ್ ದ್ರಾವಣದ ಹನಿ ಹಾಕಿದೆ. ಕ್ಲೋರಿನ್ ಇದ್ದರೆ ನೀರು ಹಳದಿಯಾಗಬೇಕು, ಬಣ್ಣವೇ ಬರಲಿಲ್ಲ.

ಸಂಪು ತೊಳೆದು, ಹೊಸ ನೀರು ತುಂಬಿ, ಬ್ಲೀಚಿಂಗ್ ಪುಡಿ ಕಲಸಿದ ತಿಳಿನೀರು ಬೆರೆಸಿ, ಅರ್ಧ ಗಂಟೆಯ ನಂತರ ನೋಡಿದಾಗ ತೆಳು ಹಳದಿ ಕಂಡಿತು. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ ಕ್ಲೋರಿನ್ ಉಳಿದಿರಬೇಕು. ಈಜುಕೊಳದ ನೀರಿಗೂ ಇದೇ ಪರೀಕ್ಷೆ. ಅಲ್ಲಿ 1ರಿಂದ 3 ಮಿ.ಗ್ರಾಂ ಇರಬೇಕು. ಪರೀಕ್ಷಿಸಿದ ನೀರನ್ನು ಚೆಲ್ಲಿ, ಕೈ ತೊಳೆಯುವುದನ್ನು ಮರೆಯಬಾರದು.

ಆದರೆ ಈ ಹಳದಿ ಎಲ್ಲವನ್ನೂ ಹೇಳುವುದಿಲ್ಲ. ಲಿಂಗಸುಗೂರು, ಮಸ್ಕಿ ಕಡೆಯ ಗೆಳೆಯರೇ, ನಮ್ಮ ಜಿಲ್ಲೆಯ ಹಲವು ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಹೆಚ್ಚಿದೆ. ಲೀಟರಿಗೆ 1.5 ಮಿ.ಗ್ರಾಂ ದಾಟಿದ ನೀರನ್ನೇ ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿಗೆ ಕಲೆ ಬೀಳುತ್ತದೆ. ಅದು ಇನ್ನೂ ಹೆಚ್ಚಾದರೆ ಮೂಳೆಗೂ ತೊಂದರೆ. ಕುದಿಸಿದರೂ, ಬ್ಲೀಚಿಂಗ್ ಪುಡಿ ಹಾಕಿದರೂ ಫ್ಲೋರೈಡ್ ಹೋಗದು. ಅದರ ಪರೀಕ್ಷೆಯೇ ಬೇರೆ. ಈ ರಜೆಯಲ್ಲಿ ಒಂದು ಬಾಟಲಿ ನೀರು ಹಿಡಿದು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ.