ಎರಡು ಕಾಲೇಜು, ಒಬ್ಬರೇ ಮೇಷ್ಟ್ರು: ಪಾಠ ಮುಗಿಯೋದು ಹೇಗೆ?

ವಾರದಲ್ಲಿ ಮೂರು ದಿನ ಈ ಕಾಲೇಜು, ಇನ್ನು ಮೂರು ದಿನ ಪಕ್ಕದ ಊರಿನ ಕಾಲೇಜು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹೀಗೆ ಓಡಾಡುವ ಉಪನ್ಯಾಸಕರು ಹೊಸಬರೇನಲ್ಲ. ಬಸ್ ತಪ್ಪಿದರೆ ಮೊದಲ ಪೀರಿಯಡ್ ಹೋಯ್ತು ಅಂತಲೇ ಲೆಕ್ಕ.

ಯಾಕೆ ಹೀಗೆ?

ಸಣ್ಣ ಕಾಲೇಜುಗಳಲ್ಲಿ ಒಂದು ವಿಷಯಕ್ಕೆ ಒಬ್ಬರೇ ಇರ್ತಾರೆ. ಕಾಯಂ ಹುದ್ದೆ ಖಾಲಿ ಇದ್ದ ಕಡೆ ಪಕ್ಕದ ಕಾಲೇಜಿನವರನ್ನು ನಿಯೋಜನೆ ಮೇಲೆ ಕಳಿಸ್ತಾರೆ, ಇಲ್ಲವೇ ಅತಿಥಿ ಉಪನ್ಯಾಸಕರನ್ನು ತಗೋತಾರೆ. 2022ರ ಜನವರಿಯಲ್ಲಿ ಸರ್ಕಾರ ಅತಿಥಿ ಉಪನ್ಯಾಸಕರ ಗೌರವಧನ ಹೆಚ್ಚಿಸಿತು, ಜೊತೆಗೆ ಕಾರ್ಯಭಾರವನ್ನೂ ವಾರಕ್ಕೆ 15 ಗಂಟೆಗೆ ಏರಿಸಿತು. ಒಂದೇ ಕಾಲೇಜಲ್ಲಿ ಅಷ್ಟು ಕ್ಲಾಸ್ ಇಲ್ಲದವರಿಗೆ ಎರಡನೇ ಕಾಲೇಜು ನೋಡಬೇಕಾದ ಪರಿಸ್ಥಿತಿ.

ಸಿಲೆಬಸ್ ಪೆಟ್ಟು

2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯ ಬಂತು. 2024-25ರಲ್ಲಿ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಪದವಿ, ಹೊಸ ಪಠ್ಯ. ಆ ವರ್ಷ ಮೊದಲ ವರ್ಷದವರಿಗೆ ಒಂದು ಸಿಲೆಬಸ್, ಸೀನಿಯರ್‌ಗಳಿಗೆ ಇನ್ನೊಂದು. ಒಬ್ಬರೇ ಇರೋ ವಿಭಾಗದಲ್ಲಿ ಎರಡಕ್ಕೂ ಅವರೇ ತಯಾರಾಗಬೇಕು.

ಕೈಜೋಡಿಸಿದರೆ ಏನು ಲಾಭ?

ಸ್ವಾಯತ್ತ ಕಾಲೇಜುಗಳನ್ನು ಬಿಟ್ಟರೆ ಒಂದು ವಿಶ್ವವಿದ್ಯಾಲಯದ ಎಲ್ಲಾ ಕಾಲೇಜಿಗೂ ಸಿಲೆಬಸ್ ಒಂದೇ, ಸೆಮಿಸ್ಟರ್ ಪ್ರಶ್ನೆಪತ್ರಿಕೆಯೂ ಒಂದೇ. ಹಾಗಾಗಿ ನಾಲ್ಕು ಕಾಲೇಜಿನ ಅರ್ಥಶಾಸ್ತ್ರದವರು ಘಟಕ ಹಂಚಿಕೊಂಡು ನೋಟ್ಸ್ ಮಾಡಿದರೆ ಪ್ರತಿಯೊಬ್ಬರಿಗೂ ಕಾಲು ಭಾಗ ಕೆಲಸ. ಒಬ್ಬರು ರಜೆ ಹಾಕಿದರೆ ಇನ್ನೊಬ್ಬರು ಆನ್‌ಲೈನ್‌ನಲ್ಲಿ ಎರಡು ಕಾಲೇಜಿನವರಿಗೂ ಒಟ್ಟಿಗೆ ಪಾಠ ಹೇಳಬಹುದು. ಲ್ಯಾಬ್ ಚೆನ್ನಾಗಿರುವ ಕಡೆ ಪಕ್ಕದ ಕಾಲೇಜಿನ ಮಕ್ಕಳನ್ನೂ ಕರೆಸಬಹುದು.

ಕಾಗದದ ಒಪ್ಪಂದ

ನ್ಯಾಕ್ ಮೌಲ್ಯಮಾಪನದಲ್ಲಿ ಬೇರೆ ಸಂಸ್ಥೆ ಜೊತೆಗಿನ ಒಪ್ಪಂದಕ್ಕೂ ಅಂಕ ಇದೆ. ಸಹಿ ಹಾಕಿ, ಫೋಟೋ ತೆಗೆಸಿ, ಫೈಲಿಗೆ ಸೇರಿಸಿದರೆ ಮಕ್ಕಳಿಗೇನೂ ಸಿಗಲ್ಲ. ನಿಜವಾದ ಕೆಲಸ ನಡೆಯೋದು ಮೇಷ್ಟ್ರುಗಳ ವಾಟ್ಸ್ಆ್ಯಪ್ ಗ್ರೂಪಲ್ಲಿ. ಅದೂ ಅವರವರ ಸ್ವಂತ ಸಮಯದಲ್ಲಿ. ವರ್ಗಾವಣೆಯಾದರೆ, ಅತಿಥಿ ಉಪನ್ಯಾಸಕರ ಅವಧಿ ಮುಗಿದರೆ ಆ ಕೊಂಡಿಯೂ ಕಳಚುತ್ತೆ.

ಪೋಷಕರು ಏನು ಕೇಳಬಹುದು?

ಪಾಠ ಅರ್ಧಕ್ಕೆ ನಿಂತರೆ ಪ್ರಾಂಶುಪಾಲರನ್ನು ನೇರವಾಗಿ ಕೇಳಿ: ಈ ವಿಷಯಕ್ಕೆ ಪಕ್ಕದ ಕಾಲೇಜಿನವರ ನೆರವು ತಗೊಂಡಿದ್ದೀರಾ? ಎರಡು ಕಾಲೇಜಿನ ಟೈಮ್ ಟೇಬಲ್ ಕೂಡಿ ಮಾಡಿದ್ದೀರಾ, ಬಸ್ ಸಮಯ ನೋಡಿದ್ದೀರಾ? ಸರ್ಕಾರಿ ಕಾಲೇಜಾದರೆ ಶಾಸಕರು ಅಧ್ಯಕ್ಷರಾಗಿರುವ ಕಾಲೇಜು ಅಭಿವೃದ್ಧಿ ಸಮಿತಿಯ ಮುಂದೆಯೂ ವಿಷಯ ಇಡಬಹುದು. ಪಾಠ ಆಗಿರಲಿ ಬಿಡಲಿ, ಪರೀಕ್ಷೆ ದಿನ ಸಿಟಿ ಕಾಲೇಜಿನ ಮಕ್ಕಳಿಗೆ ಬರೋ ಪೇಪರ್ರೇ ನಮ್ಮೂರ ಮಕ್ಕಳಿಗೂ ಬರೋದು.