ನಿಮಗಿದು ಗೊತ್ತೆ? ಹೆಣಿಗೆ ನೋಡಿದರೆ ಊರು ಗೊತ್ತಾಗುತ್ತದೆ!

ಅಲಾಸ್ಕದಲ್ಲಿ ‘ಕಿವಿಯಟ್’ ಎಂಬ ನೂಲಿನಿಂದ ಜಾಲರಿ ಸ್ಕಾರ್ಫ್ ಹೆಣೆಯುತ್ತಾರೆ. ಇದು ಉತ್ತರಧ್ರುವದ ಸುತ್ತಲಿನ ಹಿಮನಾಡಿನಲ್ಲಿ ಬದುಕುವ ಮಸ್ಕ್ ಆಕ್ಸ್ ಪ್ರಾಣಿಯ ಒಳತುಪ್ಪಳ. ನೋಡಲು ಕಾಡೆಮ್ಮೆಯಂತಿದ್ದರೂ ಅದು ಆಡು-ಕುರಿಗಳ ಹತ್ತಿರದ ನಂಟ. ಉಣ್ಣೆಗಾಗಿ ಅದನ್ನು ಬೋಳಿಸಬೇಕಿಲ್ಲ. ವಸಂತದಲ್ಲಿ ತುಪ್ಪಳ ತಾನಾಗಿಯೇ ಸಡಿಲಗೊಳ್ಳುತ್ತದೆ, ಬಾಚಿ ತೆಗೆದರಾಯಿತು. ಒಂದು ಪ್ರಾಣಿಯಿಂದ ವರ್ಷಕ್ಕೆ ಸಿಗುವುದು ಎರಡು-ಮೂರು ಕಿಲೋ ಅಷ್ಟೆ. ಬೆಲೆ ಗಗನಕ್ಕೇರಲು ಇನ್ನೇನು ಬೇಕು! ಕುರಿಯ ಉಣ್ಣೆಗಿಂತ ಬಹಳ ಬೆಚ್ಚಗಿನ ಈ ನೂಲು ಚುಚ್ಚುವುದಿಲ್ಲ, ಒಗೆದರೆ ಕುಗ್ಗುವುದೂ ಇಲ್ಲ.

1969ರಲ್ಲಿ ಅಲ್ಲಿನ ಮೂಲನಿವಾಸಿ ಮಹಿಳೆಯರು ‘ಊಮಿಂಗ್‌ಮಾಕ್’ ಎಂಬ ಸಹಕಾರ ಸಂಘ ಕಟ್ಟಿಕೊಂಡರು. ದೂರದೂರದ ಹಳ್ಳಿಗಳಲ್ಲಿ ಮನೆಯಲ್ಲೇ ಕುಳಿತು ಹೆಣೆದದ್ದು ಆಂಕರೇಜ್ ನಗರದ ಅಂಗಡಿಯಲ್ಲಿ ಮಾರಾಟವಾಗುತ್ತದೆ. ಸೊಗಸಿನ ಸಂಗತಿಯೆಂದರೆ, ಸಂಘ ಸೇರಿದ ಹಳ್ಳಿಗಳಿಗೆ ತಮ್ಮದೇ ವಿನ್ಯಾಸಗಳಿವೆ. ನೂನಿವಾಕ್ ದ್ವೀಪದ ಮೆಕೊರಿಯುಕ್ ಹಳ್ಳಿಯದು ಈಟಿ ಮೊನೆಯ ವಿನ್ಯಾಸ. ಕಡಲಪ್ರಾಣಿಗಳ ಬೇಟೆಗೆ ಬಳಸುತ್ತಿದ್ದ ಹಳೆಯ ದಂತದ ಈಟಿಮೊನೆಯೇ ಅದಕ್ಕೆ ಮಾದರಿ.

ಅಂದಹಾಗೆ, ಅಲಾಸ್ಕದಲ್ಲಿ ಮಸ್ಕ್ ಆಕ್ಸ್ ಒಮ್ಮೆ ಪೂರ್ತಿ ಅಳಿದುಹೋಗಿತ್ತು. ಈಗ ಅಲ್ಲಿರುವುದು 1930ರಲ್ಲಿ ಗ್ರೀನ್‌ಲ್ಯಾಂಡಿನಿಂದ ತಂದ 34 ಪ್ರಾಣಿಗಳ ಸಂತತಿ.