ಆರ್ಥಿಕ ಬೆಳವಣಿಗೆಯಲ್ಲಿ ಮಾಹಿತಿ ಮತ್ತು ಜ್ಞಾನ

ಒಂದು ದೇಶದ ಉತ್ಪತ್ತಿ ಹೆಚ್ಚಬೇಕಾದರೆ ಭೂಮಿ, ಶ್ರಮ, ಬಂಡವಾಳಗಳು ಹೆಚ್ಚಬೇಕೆಂಬುದು ಬಹುಕಾಲದಿಂದ ನಡೆದುಬಂದ ಅಭಿಪ್ರಾಯ. ಇವು ಅವಶ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇವಿಷ್ಟೇ ಸಾಲವೆಂಬುದನ್ನು ರಾಬರ್ಟ್ ಸೋಲೋ ಅವರು 1957ರಲ್ಲಿ ಅಂಕಿ ಅಂಶಗಳಿಂದ ತೋರಿಸಿದರು. 1909ರಿಂದ 1949ರವರೆಗೆ ಅಮೆರಿಕದಲ್ಲಿ ಒಬ್ಬ ಕೆಲಸಗಾರನ ಒಂದು ಗಂಟೆಯ ದುಡಿಮೆಯಿಂದ ದೊರೆಯುವ ಉತ್ಪತ್ತಿಯು ಸುಮಾರು ಎರಡರಷ್ಟಾಯಿತು. ಈ ಹೆಚ್ಚಳದಲ್ಲಿ ಬಂಡವಾಳದ ವೃದ್ಧಿಯಿಂದ ಬಂದುದು ಎಂಟರಲ್ಲಿ ಒಂದು ಪಾಲು ಮಾತ್ರ. ಉಳಿದ ಏಳು ಪಾಲನ್ನು ಅವರು ‘ತಾಂತ್ರಿಕ ಬದಲಾವಣೆ’ಯ ಲೆಕ್ಕಕ್ಕೆ ಸೇರಿಸಿದರು. ಕೆಲಸಗಾರರ ಶಿಕ್ಷಣದ ಸುಧಾರಣೆಯೂ ಆ ಮಾತಿನಲ್ಲಿ ಅಡಕವಾಗಿತ್ತು.

ಈ ಏಳು ಪಾಲಿನ ಸ್ವರೂಪವನ್ನು ವಿಚಾರಿಸುವಾಗ ಮಾಹಿತಿ, ಜ್ಞಾನ ಎಂಬ ಎರಡನ್ನೂ ಬೇರ್ಪಡಿಸಿ ನೋಡುವುದು ಒಳ್ಳೆಯದು. ಯಾವ ವಸ್ತು ಎಲ್ಲಿದೆ, ಅದರ ಬೆಲೆಯೇನು ಎಂಬ ತಿಳಿವಳಿಕೆ ಮಾಹಿತಿ. ವಸ್ತುವನ್ನು ಉತ್ಪಾದಿಸುವುದು ಹೇಗೆ ಎಂಬ ತಿಳಿವಳಿಕೆ ಜ್ಞಾನ.

ಮಾಹಿತಿಯ ಫಲಕ್ಕೆ ಉತ್ತರ ಕೇರಳದ ಕರಾವಳಿ ಒಳ್ಳೆಯ ನಿದರ್ಶನ. ಕಾಸರಗೋಡು, ಕಣ್ಣೂರು, ಕೋಳಿಕ್ಕೋಡು ಜಿಲ್ಲೆಗಳ ಬೂತಾಯಿ ಮೀನುಗಾರರು ಮೊದಲು ಬಹುಮಟ್ಟಿಗೆ ತಮ್ಮೂರಿನ ಕಡಲತೀರದಲ್ಲಿಯೇ ಮೀನನ್ನು ಮಾರುತ್ತಿದ್ದರು. ದೋಣಿಯು ಸಮುದ್ರದಲ್ಲಿರುವಾಗ ಬೇರೆ ಪೇಟೆಯ ಬೆಲೆಯನ್ನು ತಿಳಿಯುವ ಉಪಾಯವಿರಲಿಲ್ಲ. ಮೀನು ಬೇಗ ಕೆಡುವುದರಿಂದ ತೀರದಿಂದ ತೀರಕ್ಕೆ ಅಲೆದು ನೋಡುವಂತೆಯೂ ಇರಲಿಲ್ಲ. ಒಂದು ತೀರದಲ್ಲಿ ಕೊಳ್ಳುವವರಿಲ್ಲದೆ ಮೀನು ವ್ಯರ್ಥವಾದ ದಿನವೇ, 15 ಕಿಲೋಮೀಟರಿನೊಳಗಿನ ಮತ್ತೊಂದು ತೀರದಿಂದ ಕೊಳ್ಳುವವರು ಬರಿಗೈಯಲ್ಲಿ ಹಿಂದಿರುಗಿದುದೂ ಉಂಟು. 1997ರಿಂದ 2001ರ ಅವಧಿಯಲ್ಲಿ ಮೊಬೈಲ್ ದೂರವಾಣಿಯು ಈ ಭಾಗಕ್ಕೆ ಬಂದಿತು. ರಾಬರ್ಟ್ ಜೆನ್ಸನ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಬೇರೆ ಬೇರೆ ತೀರಗಳ ಬೆಲೆಗಳು ಪರಸ್ಪರ ಸಮೀಪಿಸಿದುವು. ಮೀನು ವ್ಯರ್ಥವಾಗುವುದು ನಿಂತಿತು. ಮೀನುಗಾರರ ಲಾಭವು ಸರಾಸರಿ ಶೇಕಡ 8ರಷ್ಟು ಏರಿತು. ಬಳಕೆದಾರರು ಕೊಡುವ ಬೆಲೆ ಶೇಕಡ 4ರಷ್ಟು ಇಳಿಯಿತು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಈ ಲಾಭವು, ಹಿಡಿದ ಮೀನು ಬೇಕಾದ ಪೇಟೆಗೆ ಸೇರಿದುದರಿಂದ ಬಂದುದು. ನಷ್ಟವು ಒಮ್ಮೆ ನಿಂತ ಮೇಲೆ ಅದೇ ಮಾಹಿತಿಯಿಂದ ವರ್ಷವರ್ಷವೂ ಹೊಸ ಹೆಚ್ಚಳವನ್ನು ನಿರೀಕ್ಷಿಸಲಾಗದು. ನಿರಂತರವಾದ ಬೆಳವಣಿಗೆಗೆ ಜ್ಞಾನವೇ ಮೂಲ. ಇದರ ಕಾರಣವನ್ನು ಪಾಲ್ ರೋಮರ್ ಅವರು 1990ರಲ್ಲಿ ವಿವರಿಸಿದರು. ಅವರ ವಾದವನ್ನು ಹೀಗೆ ತಿಳಿಯಬಹುದು: ಒಂದು ಮೂಟೆ ಭತ್ತವನ್ನು ಒಬ್ಬ ರೈತನು ಬಿತ್ತಿದರೆ ಅದು ಇನ್ನೊಬ್ಬನಿಗೆ ಉಳಿಯದು, ಬಿತ್ತನೆಯ ಉತ್ತಮ ಕ್ರಮವನ್ನಾದರೋ ಸಾವಿರ ಮಂದಿ ಅನುಸರಿಸಿದರೂ ಅದು ಸವೆಯದು. ಕಂಡುಹಿಡಿಯುವ ವೆಚ್ಚ ಒಮ್ಮೆ, ಪ್ರಯೋಜನ ಹಲವು ಬಾರಿ.

ಈ ಗುಣದಲ್ಲಿಯೇ ಒಂದು ತೊಡಕೂ ಇದೆ. ಫಲವೆಲ್ಲ ಇತರರಿಗೂ ಹರಿದುಹೋಗುವುದಾದರೆ ಕಂಡುಹಿಡಿಯುವ ವೆಚ್ಚವನ್ನು ಯಾರು ಹೊರಬೇಕು? ಪೇಟೆಂಟ್ ಹಕ್ಕು ಒಂದು ಉತ್ತರ. ಆದರೆ ಅದು ಹೊಸ ವಿಧಾನದ ಬಳಕೆಯನ್ನು ಕೆಲವು ಕಾಲ ನಿರ್ಬಂಧಿಸುತ್ತದೆ. ಸಾರ್ವಜನಿಕ ಹಣದಿಂದ ನಡೆಯುವ ಸಂಶೋಧನೆ ಮತ್ತು ಶಿಕ್ಷಣ ಇನ್ನೊಂದು ಉತ್ತರ. ಮೀನುಗಾರನ ಕೈಗೆ ಬಂದ ದೂರವಾಣಿಯೂ ದೀರ್ಘಕಾಲದ ಸಂಶೋಧನೆಯ ಫಲವೇ. ಮಾಹಿತಿಯನ್ನು ಹರಡುವುದರಲ್ಲಿಯೇ ತೃಪ್ತಿಪಟ್ಟು ಜ್ಞಾನವನ್ನು ಬೆಳೆಸುವ ಹೊಣೆಯನ್ನು ಮರೆತ ಸಮಾಜವು, ಅನ್ಯರ ಸಂಶೋಧನೆಯ ಫಲಕ್ಕಾಗಿ ಕಾದಿರಬೇಕಾಗುವುದು.